ಅತ್ತೆಯ ಮುಖ ಯಾವ ಕಡೆ

ಅತ್ತೆಯ ಪೆಟ್ಟಿಗೆ ಹೆಡ್‌ಮಾಸ್ಟರ ಸಮಾಧಿಯ ಮೇಲಿದ್ದ ಕಲ್ಲಿನ ದೇವದೂತನ ರೆಕ್ಕೆಗೆ ಸಿಕ್ಕಿಕೊಂಡಾಗ, ಇಡೀ ಸ್ಮಶಾನದಲ್ಲಿ ಗಾಬರಿಯಾಗದವನು ಒಬ್ಬನೇ ಒಬ್ಬ. ಅವನೇ ಅಳಿಯ. ಹೊತ್ತವರು ಹಿಂದೆ ಹೋಗಲಾರರು, ಮುಂದೆ ಬರಲಾರರು. ಪಾದ್ರಿಗಳು ಪ್ರಾರ್ಥನೆಯನ್ನು ಅರ್ಧಕ್ಕೇ ನಿಲ್ಲಿಸಿ ರೆಕ್ಕೆಯನ್ನು ನೋಡುತ್ತಿದ್ದರು. ಅತ್ತೆಯ ಮಗ, ಅಂದರೆ ಅಳಿಯನಿಗೆ ಭಾವ, “ಅಮ್ಮ ಬದುಕಿದ್ದಾಗಲೂ ಯಾರಿಗೂ ದಾರಿ ಬಿಟ್ಟವಳಲ್ಲ” ಎಂದು ಬಿಕ್ಕಿದ.

ಅಳಿಯನನ್ನು ಊರೆಲ್ಲ ಕರೆಯುತ್ತಿದ್ದದ್ದು ಶಾರ್ಟ್‌ಕಟ್ ಎಂದು. ಫರ್ನಿಚರ್ ಅಂಗಡಿಯ ಡೆಲಿವರಿ ವ್ಯಾನ್ ಓಡಿಸುವುದು ಅವನ ಕೆಲಸ. ದಾರಿ ಕೇಳುವ ಪದ್ಧತಿ ಅವನ ಏಳು ತಲೆಮಾರಿನಲ್ಲಿಲ್ಲ. ಕೂಗಳತೆಯ ಮನೆಗೂ ಒಂದು ಅಡ್ಡದಾರಿ ಹುಡುಕುತ್ತಾನೆ. ಊರು ಸುತ್ತಿ, ಎರಡು ಸಲ ಅದೇ ಪೆಟ್ರೋಲ್ ಬಂಕ್ ದಾಟಿ, ಕಡೆಗೆ ಹೇಗೋ ತಲುಪಿ, ಗೆದ್ದವನ ಹಾಗೆ ಎದೆಯುಬ್ಬಿಸಿ ಇಳಿಯುತ್ತಾನೆ. ಆದರೆ ಒಂದು ವಿದ್ಯೆ ಅವನಿಗೆ ನಿಜವಾಗಿಯೂ ಒಲಿದಿತ್ತು. ಎಂಥ ಬೀರುವನ್ನಾದರೂ ಎಂಥ ಇಕ್ಕಟ್ಟಿನ ಬಾಗಿಲಲ್ಲಾದರೂ ತೂರಿಸಿಬಿಡುತ್ತಿದ್ದ. ಇದನ್ನು ಶತ್ರುಗಳೂ ಒಪ್ಪುತ್ತಿದ್ದರು.

“ಯಾರೂ ಕೆಳಗಿಡಬೇಡಿ,” ಎಂದು ಅವನು ಅಂಗಿಯ ತೋಳು ಮಡಿಸಿಕೊಂಡ. “ರಿವರ್ಸ್ ಬನ್ನಿ. ಗೇಟಿನ ಹತ್ರ ಪೂರ್ತಿ ತಿರುಗಿಸ್ಕೊಳ್ಳಿ. ಈಗ ಹಿಂದಿನ ಕೊನೆ ಮುಂದೆ. ಎಡಗಡೆ ಎತ್ತಿ, ಬಲಗಡೆ ಇಳಿಸಿ. ಬರ್ಲಿ, ಬರ್ಲಿ, ಬರ್ಲಿ. ಸಾಕು.”

ಪೆಟ್ಟಿಗೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ರೆಕ್ಕೆಯ ಕೆಳಗೆ ನುಸುಳಿ ಗುಂಡಿಗೆ ಇಳಿಯಿತು. ಪಾದ್ರಿಗಳು ‘ಶಭಾಷ್’ ಎಂದುಬಿಟ್ಟು, ಆಮೇಲೆ ಸಂದರ್ಭ ನೆನಪಾಗಿ ‘ಆಮೆನ್’ ಸೇರಿಸಿದರು. ಹೆಂಡತಿ ಅಳುವಿನ ನಡುವೆಯೂ ಗಂಡನ ಕಡೆ ಒಂದು ನೋಟ ನೋಡಿದಳು. ಮದುವೆಯ ದಿನ ಬಿಟ್ಟರೆ ಅಂಥ ನೋಟ ಅವನಿಗೆ ಸಿಕ್ಕಿರಲಿಲ್ಲ.

ಅತ್ತೆ ಬದುಕಿರುವ ತನಕ ಅಳಿಯನ ಬಗ್ಗೆ ಇಟ್ಟುಕೊಂಡಿದ್ದ ಅಭಿಪ್ರಾಯ ಒಂದೇ: “ಒಳ್ಳೆಯವನೇ ಪಾಪ, ಆದ್ರೆ ಮಾಡೋದೆಲ್ಲ ಹಿಂದುಮುಂದು.” ಹಾಗಂದುಕೊಂಡೇ ಅವನು ಹೊರಡುವಾಗ ಬಾಗಿಲಿಗೆ ಬಂದು, ಮುಖ ನೋಡಿ ಕಳಿಸುತ್ತಿದ್ದರು. ಅದು ಅವರ ಮನೆಯ ಕಾನೂನು. ಕರೆಂಟ್ ಮೀಟರ್ ನೋಡಲು ಬಂದವನನ್ನೂ ಹಾಗೆಯೇ ಬಾಗಿಲಲ್ಲಿ ನಿಂತು, ಮುಖ ನೋಡಿ, ‘ಹೋಗಿ ಬಾಪ್ಪ’ ಎನ್ನುತ್ತಿದ್ದರು. ಕಾರಣವನ್ನು ಅವರೇ ಎಲ್ಲರಿಗೂ ಹೇಳುತ್ತಿದ್ದರು. ಮಾವ ಬೇಕರಿ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಒಂದು ಬೆಳಿಗ್ಗೆ ಉಪ್ಪಿನ ಡಬ್ಬಿಯ ಮುಚ್ಚಳದ ವಿಷಯಕ್ಕೆ ಜಗಳವಾಯಿತಂತೆ. ಮಾವ ಹೊಸ್ತಿಲಲ್ಲಿ ನಿಂತು “ಬರ್ತೀನಿ ಕಣೇ” ಅಂದರಂತೆ. ಅತ್ತೆ ಒಲೆಯ ಕಡೆ ತಿರುಗಿದ್ದವರು ತಿರುಗಿದ್ದ ಹಾಗೇ ಇದ್ದರಂತೆ. ಮಧ್ಯಾಹ್ನ ಮಾವನನ್ನು ಬೇಕರಿಯವರು ಹೊತ್ತುಕೊಂಡು ಬಂದರು. “ನನ್ನ ಬೆನ್ನು ನೋಡ್ಕೊಂಡು ಹೋದ್ರು,” ಎನ್ನುವಾಗ ಅತ್ತೆಯ ದನಿ ಪ್ರತಿ ಸಲವೂ ಅದೇ ಜಾಗದಲ್ಲಿ ಒಡೆಯುತ್ತಿತ್ತು.

ಅತ್ತೆಗೆ ಮಾವನ ಪಕ್ಕದಲ್ಲೇ ಜಾಗ ಬೇಕಿತ್ತು. ಒಂದು ಪಕ್ಕ ಹೆಡ್‌ಮಾಸ್ಟರು ದೇವದೂತನ ಸಮೇತ ಮಲಗಿಬಿಟ್ಟಿದ್ದರು, ಇನ್ನೊಂದು ಪಕ್ಕ ಕಾಂಪೌಂಡು. ಸಿಕ್ಕಿದ್ದು ಮುಂದಿನ ಸಾಲಿನಲ್ಲಿ, ಮಾವನ ಕಾಲಿನ ಕೊನೆಯಿಂದ ಆಚೆಗೆ.

ತಿಂಗಳು ಕಳೆಯಿತು. ಒಂದು ಭಾನುವಾರ ಭಾವನ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರಿದ್ದರು. ಭಾವನ ಹೆಂಡತಿ ಅಂತ್ಯಕ್ರಿಯೆಯನ್ನು ಫೋನಿನಲ್ಲಿ ವಿಡಿಯೋ ಮಾಡಿಕೊಂಡಿದ್ದಳು; ಅದನ್ನು ಟಿವಿಗೆ ಹಾಕಿದಳು. ಎಲ್ಲರೂ ಅತ್ತರು, ಮೂಗು ಒರೆಸಿಕೊಂಡರು, ಮುಗಿಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಶಾರ್ಟ್‌ಕಟ್‌ಗೆ ತನ್ನ ರಿವರ್ಸ್ ಭಾಗ ಇನ್ನೊಮ್ಮೆ ನೋಡಬೇಕೆನ್ನಿಸಿತು.

“ಅಲ್ಲಿಂದ ಹಾಕಿ ಅಕ್ಕ. ಎಡಗಡೆ ಎತ್ತಿ ಅಂದ್ನಲ್ಲ, ಅಲ್ಲಿಂದ.”

ಹಾಕಿದಳು. ಮತ್ತೊಮ್ಮೆ ಎಂದ. ಹಾಕಿದಳು. ಇನ್ನೊಂದೇ ಸಲ ಎಂದಾಗ ಅವಳಿಗೂ ಬೇಸರವಾಗಿ, ಗುಂಡಿಗೆ ಇಳಿಸುವ ಜಾಗದಲ್ಲಿ ಚಿತ್ರ ನಿಲ್ಲಿಸಿ ಕಣ್ಣು ಕಿರಿದು ಮಾಡಿದಳು.

“ಅಲ್ಲ, ಪೆಟ್ಟಿಗೆ ಮೇಲಿನ ಶಿಲುಬೆ ಯಾಕೆ ತಲೆಕೆಳಗಿದೆ?”

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಕ್ರೈಸ್ತರ ಹಳೆಯ ಸ್ಮಶಾನಗಳಲ್ಲಿ ಒಂದು ಕ್ರಮವಿದೆ: ಸತ್ತವರ ತಲೆ ಪಶ್ಚಿಮಕ್ಕೆ, ಕಾಲು ಪೂರ್ವಕ್ಕೆ. ಕಡೇ ದಿನ ಪ್ರಭು ಪೂರ್ವದಿಂದ ಬರುತ್ತಾನೆ, ತುತ್ತೂರಿ ಮೊಳಗುತ್ತದೆ, ಮಲಗಿದ್ದವರು ಎದ್ದು ಕೂರುತ್ತಾರೆ, ಕಣ್ಣು ಬಿಟ್ಟರೆ ಎದುರಿಗೇ ಪ್ರಭು. ಬಸ್ಸಿನ ಸೀಟಿನಲ್ಲಿ ಕೂತ ಹಾಗೆ ಎಲ್ಲರ ಮುಖವೂ ಒಂದೇ ಕಡೆ. ಶಾರ್ಟ್‌ಕಟ್ ಪೆಟ್ಟಿಗೆಯ ಹಿಂದಿನ ಕೊನೆಯನ್ನು ಮುಂದಕ್ಕೆ ತಂದಾಗ, ಅದರೊಳಗಿದ್ದ ಅತ್ತೆಯ ತಲೆಯೂ ಪೂರ್ವಕ್ಕೆ ಹೋಗಿತ್ತು. ಬೀರುವಿಗೆ ತಲೆ ಇರುವುದಿಲ್ಲವಾದ್ದರಿಂದ ಅವನಿಗೆ ಇದು ಹೊಳೆದಿರಲಿಲ್ಲ.

ಭಾವ ಎದ್ದು ಟಿವಿಯ ಹತ್ತಿರ ಹೋಗಿ ಶಿಲುಬೆಯನ್ನು ನೋಡಿದ.

“ಅಂದ್ರೆ,” ಎಂದಳು ಹೆಂಡತಿ ನಿಧಾನವಾಗಿ, “ಎಲ್ಲರೂ ಪ್ರಭೂನ ನೋಡ್ತಿರ್ತಾರೆ. ನಮ್ಮಮ್ಮ ಒಬ್ಬಳು ಪ್ರಭೂಗೆ ಬೆನ್ನು ತೋರಿಸ್ಕೊಂಡು ಕೂತಿರ್ತಾಳೆ.”

“ತಿರುಗಿ ನೋಡಿದ್ರಾಯ್ತಪ್ಪ,” ಎಂದ ಶಾರ್ಟ್‌ಕಟ್. “ಯಾರಾದ್ರೂ ಭುಜ ತಟ್ಟಿ ಹೇಳ್ತಾರೆ.”

“ಒಂದು ಸಲ ಬೆನ್ನು ತೋರಿಸಿದ್ದಕ್ಕೇ ಜೀವಮಾನ ಪೂರ್ತಿ ಅತ್ತವಳು ಅವಳು. ಈಗ ಪ್ರಭೂಗೇ ತೋರಿಸೋ ಹಾಗೆ ಮಾಡಿಟ್ಟಿದ್ದೀರಿ.” ಅವಳು ಎದ್ದು ಟಿವಿ ಆರಿಸಿದಳು. “ನೀವು ಮಾಡಿದ್ದನ್ನ ನೀವೇ ಸರಿ ಮಾಡಿ. ನಮ್ಮಮ್ಮನ ಮುಖ ತಿರುಗೋವರೆಗೂ ನನ್ನ ಮುಖ ನಿಮ್ಮ ಕಡೆ ತಿರುಗಲ್ಲ. ನಾನು ಇಲ್ಲೇ ಇರ್ತೀನಿ.”

ಶಾರ್ಟ್‌ಕಟ್ ಒಬ್ಬನೇ ಮನೆಗೆ ಹೋದ. ಅನ್ನ ಮಾಡಲು ಹೋಗಿ ಗಂಜಿ ಮಾಡಿ, ಗಂಜಿಯನ್ನೇ ಬೇಕೆಂದು ಮಾಡಿದವನ ಹಾಗೆ ಉಂಡ. ಆದರೆ ಎದುರಿನ ಕುರ್ಚಿ ಖಾಲಿ ಇತ್ತು, ಅದು ಅವನಿಗೆ ಸರಿಹೋಗಲಿಲ್ಲ. ಅವಳಿಲ್ಲದ ಮನೆ ಅವನಿಗೆ ಗೊತ್ತೇ ಇರಲಿಲ್ಲ.

ಮರುದಿನ ಪಾದ್ರಿಗಳ ಹತ್ತಿರ ಹೋದ. ಅವರು ಚರ್ಚಿನ ಮೈಕಿನ ವೈರು ಬಿಡಿಸುತ್ತಾ ಕೂತಿದ್ದರು. ಎಲ್ಲ ಕೇಳಿ ನಕ್ಕರು.

“ಸಮುದ್ರದಲ್ಲಿ ಮುಳುಗಿದವರನ್ನ, ಬೆಂಕೀಲಿ ಬೂದಿಯಾದವರನ್ನ ಪ್ರಭು ಎಬ್ಬಿಸ್ತಾನೆ ಅಂತ ನಂಬ್ತೀವಪ್ಪ ನಾವು. ಎಲ್ಲಾ ಹೊಸ ದೇಹ. ಅಷ್ಟು ಮಾಡೋನಿಗೆ ನಿಮ್ಮತ್ತೇನ ಒಂದು ಸುತ್ತು ತಿರುಗಿಸೋದು ದೊಡ್ಡದಾ?”

ಶಾರ್ಟ್‌ಕಟ್ ಈ ಮಾತನ್ನು ಹೊತ್ತು ಭಾವನ ಮನೆಗೆ ಓಡಿದ. ಹೆಂಡತಿ ಹೊರಗೆ ಬರಲಿಲ್ಲ. ಉತ್ತರವನ್ನು ಭಾವನ ಕೈಯಲ್ಲಿ ಕಳಿಸಿದಳು. ಭಾವ ಬಾಗಿಲಲ್ಲಿ ನಿಂತು ವರದಿ ಒಪ್ಪಿಸಿದ: “ನಮ್ಮಮ್ಮನ್ನ ಯಾರಾದ್ರೂ ತಿರುಗಿಸಿದ್ದು ಫಾದರ್ ಇದುವರೆಗೂ ನೋಡಿದ್ದಾರಾ ಅಂತ ಕೇಳಬೇಕಂತೆ.”

ಶಾರ್ಟ್‌ಕಟ್ ವಾಪಸ್ ಹೋಗಿ ಪಾದ್ರಿಗಳನ್ನು ಹಾಗೇ ಕೇಳಿದ. ಅತ್ತೆ ಮೊದಲ ಬೆಂಚಿನಲ್ಲಿ ಕೂತು ಅವರ ಭಾನುವಾರದ ಪ್ರಸಂಗವನ್ನು ವರ್ಷಗಟ್ಟಲೆ ತಿದ್ದಿದವರು. ಅದು ನೆನಪಾಗಿ ಪಾದ್ರಿಗಳು, ‘ಅದೂ ನಿಜವೇ’ ಎಂದು ಮತ್ತೆ ವೈರಿಗೆ ಕೈ ಹಾಕಿದರು.

ಅಷ್ಟರಲ್ಲಿ ಸುದ್ದಿ ಚರ್ಚಿಗೆ ಬರುವ ಸಭೆಯವರೊಳಗೆಲ್ಲ ಹಬ್ಬಿತ್ತು. ಸಭಾಹಿರಿಯರು ಕೆಂಪಗಾಗಿ ಬಂದರು. ಇವರು ನಿವೃತ್ತ ಪೋಸ್ಟ್‌ಮಾಸ್ಟರ್. ಚರ್ಚಿನ ನಿಯಮಗಳೆಲ್ಲ ತಮ್ಮ ಕಿಸೆಯಲ್ಲೇ ಇವೆ ಎಂಬಂತೆ ಓಡಾಡುವವರು.

“ಫಾದರ್, ಜನರ ಕಡೆ ಮುಖ ಮಾಡಿ ಮಲಗೋ ಹಕ್ಕು ಪಾದ್ರಿಗಳಿಗೆ ಮಾತ್ರ. ಎದ್ದ ತಕ್ಷಣ ತಮ್ಮ ಸಭೇನ ನೋಡಬೇಕು ಅಂತ. ಆಯಮ್ಮನಿಗೆ ಆ ಮರ್ಯಾದೆ ಕೊಟ್ಟೋರು ಯಾರು? ನಾವೆಲ್ಲ ಕಣ್ಣು ಬಿಟ್ರೆ ಎದುರಿಗೆ ಅವರೇ ಕೂತಿರ್ತಾರೆ. ಬದುಕಿದ್ದಾಗ ಕೇಳಿಸ್ಕೊಂಡಿದ್ದು ಸಾಲದಾ?”

ಈ ಮಾತು ಮೊದಲು ಯಾರಿಗೂ ಹೊಳೆದಿರಲಿಲ್ಲ. ಹೊಳೆದ ಮೇಲೆ ಸಭೆಯಲ್ಲಿ ನಡುಕ ಹುಟ್ಟಿತು. ಪಕ್ಕದ ಮನೆಯ ನರ್ಸಮ್ಮ ಅತ್ತೆಯಿಂದ ಕುಕ್ಕರ್ ತೆಗೆದುಕೊಂಡು ಹೋದವಳು ವಾಪಸ್ ಕೊಟ್ಟಿರಲಿಲ್ಲ. ಸತ್ತವರು ಕೇಳುವುದಿಲ್ಲ ಎಂದು ನೆಮ್ಮದಿಯಾಗಿದ್ದಳು. ಈಗ ಪುನರುತ್ಥಾನದ ದಿನ ಪ್ರಭುವಿನ ಮುಖಕ್ಕಿಂತ ಮೊದಲು ಕುಕ್ಕರಿನ ಒಡತಿಯ ಮುಖ ನೋಡಬೇಕು. “ಏನಾದ್ರೂ ಮಾಡಿ ಅವರನ್ನ ಆ ಕಡೆ ತಿರುಗಿಸಪ್ಪ,” ಎಂದು ಅವಳು ಶಾರ್ಟ್‌ಕಟ್‌ನ ಕೈ ಹಿಡಿದು ಬೇಡಿಕೊಂಡಳು.

ಗುಂಡಿ ತೋಡುವವನನ್ನು ಎಲ್ಲರೂ ಪಾತಾಳ ಎನ್ನುತ್ತಿದ್ದರು. ಅವನು ಬೀಡಿ ಸೇದುತ್ತಾ, “ಅಗೆಯೋಕೆ ನಾನು ಯಾವಾಗಲೂ ತಯಾರು. ಆದ್ರೆ ಹೂತಿದ್ದನ್ನ ತೆಗೆಯೋಕೆ ಸರ್ಕಾರದ ಅಪ್ಪಣೆ ಬೇಕು,” ಎಂದ. ಶಾರ್ಟ್‌ಕಟ್‌ಗೆ ಸರ್ಕಾರ ಎಂದರೆ ಇನ್ನೊಂದು ಬಾಗಿಲು, ಅಷ್ಟೇ. ತೂರಿದರಾಯಿತು.

ಆರೋಗ್ಯಾಧಿಕಾರಿ ಊಟದ ಡಬ್ಬಿ ಮುಚ್ಚುತ್ತಿದ್ದರು.

“ಹೂತ ಹೆಣ ಯಾಕೆ ತೆಗೀಬೇಕು?”

“ತಿರುಗಿಸೋಕೆ ಸಾರ್.”

“ತಿರುಗಿಸಿ ಎಲ್ಲಿಗೆ ತಗೊಂಡು ಹೋಗ್ತೀರಿ?”

“ಎಲ್ಲಿಗೂ ಇಲ್ಲ, ಅಲ್ಲೇ ಇಡೋದು. ತಲೆ ಇದ್ದ ಕಡೆ ಕಾಲು, ಕಾಲಿದ್ದ ಕಡೆ ತಲೆ. ಸೋಫಾ ತಿರುಗಿಸಿದ ಹಾಗೆ. ಸಣ್ಣ ಕೆಲಸ ಸಾರ್.”

ಅಧಿಕಾರಿ ಕನ್ನಡಕ ಹಾಕಿಕೊಂಡರು. “ನೋಡಿ, ನನ್ನ ಸರ್ವೀಸಲ್ಲಿ ಹೆಣ ತೆಗೆದಿರೋದು ಕೊಲೆಗೆ, ಆಸ್ತಿ ತಕರಾರಿಗೆ, ರಸ್ತೆ ಅಗಲ ಮಾಡೋಕೆ. ನಿಮ್ಮದು ಯಾವುದು?”

“ಪುನರುತ್ಥಾನ ಸಾರ್.”

“ಅದು ಯಾವತ್ತು ಇಟ್ಕೊಂಡಿದ್ದೀರಿ?”

“ಯಾವತ್ತು ಅಂತ ಯಾರಿಗೂ ಗೊತ್ತಿಲ್ಲ. ರಾತ್ರಿ ಕಳ್ಳ ಬಂದ ಹಾಗೆ ಬರುತ್ತೆ ಅಂತ ಬರೆದಿದೆ.”

ಹೆಣ, ರಾತ್ರಿ, ಕಳ್ಳ. ಜವಾಬ್ದಾರಿಯುತ ಅಧಿಕಾರಿಯೊಬ್ಬರು ಈ ಮೂರನ್ನು ಕೇಳಿದ ಮೇಲೆ ಏನು ಮಾಡಬೇಕೋ ಅದನ್ನೇ ಅವರು ಮಾಡಿದರು. ಶಾರ್ಟ್‌ಕಟ್‌ಗೆ ಟೀ ತರಿಸಿ, ಒಳಗಿನ ಕೋಣೆಗೆ ಹೋಗಿ ಪೊಲೀಸರಿಗೆ ಫೋನ್ ಮಾಡಿದರು. ಸರ್ಕಾರಿ ಜೀಪು ಕರೆದೊಯ್ಯಲು ಬಂದಾಗ, ಕೆಲಸ ಇಷ್ಟು ಬೇಗ ಮುಂದುವರಿಯಿತಲ್ಲ ಎಂದು ಶಾರ್ಟ್‌ಕಟ್ ಖುಷಿಪಟ್ಟ. ಡ್ರೈವರಿಗೆ ಠಾಣೆಗೆ ಒಂದು ಒಳದಾರಿಯನ್ನೂ ಹೇಳಿಕೊಟ್ಟ. ಅದು ಮೀನು ಮಾರ್ಕೆಟ್ಟಿನಲ್ಲಿ ಕೊನೆಗೊಂಡಿತು.

ಇನ್ಸ್‌ಪೆಕ್ಟರ್ ಕೋಪದಲ್ಲೇ ಶುರುಮಾಡಿದರು. “ಅತ್ತೆಗೆ ಮಾಡಿದ್ದು ಯಾರು?”

“ನಾನೇ ಸಾರ್. ಸುಳ್ಳು ಯಾಕೆ ಹೇಳಲಿ.”

ಇಷ್ಟು ಸುಲಭವಾಗಿ ಯಾರೂ ಒಪ್ಪಿಕೊಂಡದ್ದನ್ನು ಇನ್ಸ್‌ಪೆಕ್ಟರ್ ಕಂಡಿರಲಿಲ್ಲ. ದನಿ ತಗ್ಗಿಸಿದರು. “ಒಬ್ಬನೇ ಮಾಡಿದ್ಯಾ?”

“ಹಿಡ್ಕೊಳ್ಳೋಕೆ ಜನ ಇದ್ರು. ಅರ್ಧ ಜನ ತಲೆ ಕಡೆ, ಅರ್ಧ ಜನ ಕಾಲ ಕಡೆ. ಅವರದೇನೂ ತಪ್ಪಿಲ್ಲ ಸಾರ್, ಪಾಪ. ನಾನು ಹೇಳಿದ ಹಾಗೆ ಮಾಡಿದ್ರು.”

“ಯಾರಾದ್ರೂ ನೋಡಿದ್ರಾ?”

“ಎಲ್ಲರೂ ನೋಡ್ತಿದ್ರು. ಪಾದ್ರಿಗಳು ಶಭಾಷ್ ಅಂದ್ರು. ವಿಡಿಯೋನೂ ಇದೆ.”

ಇನ್ಸ್‌ಪೆಕ್ಟರ್ ಕುಡಿಯುತ್ತಿದ್ದ ಟೀ ಕೆಳಗಿಟ್ಟರು. “ಇಷ್ಟು ದಿನ ಸುಮ್ಮನಿದ್ದು ಈಗ ಯಾಕೆ ಒಪ್ಕೊಳ್ತಿದ್ದೀಯ?”

“ಹೆಂಡತಿ ಮನೆ ಬಿಟ್ಟು ಹೋಗಿದ್ದಾಳೆ ಸಾರ್.” ಇಲ್ಲಿ ಮಾತ್ರ ಶಾರ್ಟ್‌ಕಟ್‌ನ ದನಿ ಸ್ವಲ್ಪ ಅಲ್ಲಾಡಿತು. “ಅತ್ತೇನ ಹೊರಗೆ ತೆಗೆದು ಸರಿಯಾಗಿ ಮಾಡಿದ್ರೆ ವಾಪಸ್ ಬರ್ತಾಳೆ.”

ಪಾದ್ರಿಗಳು ಓಡಿ ಬಂದು ಬಿಡಿಸಿ ಹೇಳುವಷ್ಟರಲ್ಲಿ ಕಡ್ಡಿ ಹೋಗಿ ಗುಡ್ಡವಾಗಿತ್ತು. ಬೀದಿಯಲ್ಲಿ ಒಬ್ಬರು ದಿಂಬು ಎಂದರು, ಒಬ್ಬರು ವಿಷ ಎಂದರು. ಅತ್ತೆ ಎಂಬತ್ತಾರಕ್ಕೆ ನಿದ್ದೆಯಲ್ಲೇ ಹೋದವರು ಎಂದು ಹೇಳಿದ ನರ್ಸಮ್ಮನನ್ನು ಎಲ್ಲರೂ ಅನುಮಾನದಿಂದ ನೋಡಿದರು. ಇನ್ಸ್‌ಪೆಕ್ಟರ್ ತಲೆ ಹಿಡಿದುಕೊಂಡು ಕೂತರು. ಕಡೆಗೆ, “ನನ್ನ ಎದುರಿಗೇ ತೆಗೀರಿ, ಅದು ಯಾವ ಕಡೆಗೆ ಬೇಕೋ ತಿರುಗಿಸಿ, ಮುಚ್ಚಿ. ಇಲ್ಲದಿದ್ರೆ ಈ ಊರ ಬಾಯಿ ಮುಚ್ಚಲ್ಲ,” ಎಂದರು. ಆರೋಗ್ಯಾಧಿಕಾರಿಯೂ ಒಪ್ಪಿದರು. ಶಾರ್ಟ್‌ಕಟ್ ಎದೆಯುಬ್ಬಿಸಿ ಹೊರಬಂದ. ನೇರ ದಾರಿಯಲ್ಲಿ ಹೋದವರಿಗೆ ತಿಂಗಳಾದರೂ ಸಿಗದ ಅಪ್ಪಣೆ ಅವನಿಗೆ ಠಾಣೆಯ ಮೂಲಕ ಬೇಗನೆ ಸಿಕ್ಕಿತ್ತು.

ಆ ಬೆಳಿಗ್ಗೆ ಸ್ಮಶಾನದಲ್ಲಿ ಅಂತ್ಯಕ್ರಿಯೆಯ ದಿನಕ್ಕಿಂತ ಹೆಚ್ಚು ಜನ ಸೇರಿದ್ದರು. ಆರೋಗ್ಯಾಧಿಕಾರಿ ಮೂಗಿಗೆ ಕರ್ಚೀಫು ಕಟ್ಟಿಕೊಂಡು ನಿಂತಿದ್ದರು. ಸಭಾಹಿರಿಯರು ದಿಕ್ಕು ಖಚಿತಪಡಿಸಲು ಸೂರ್ಯನನ್ನೇ ಕಾವಲು ಕಾಯುತ್ತಿದ್ದರು. ನರ್ಸಮ್ಮ ಕುಕ್ಕರನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಿದ್ದಳು, ಇವತ್ತಾದರೂ ಅತ್ತೆಯ ಮಗಳ ಕೈಗೆ ಕೊಟ್ಟುಬಿಡೋಣ ಎಂದು. ಹೆಂಡತಿ ಅಣ್ಣನ ಪಕ್ಕದಲ್ಲಿ ನಿಂತಿದ್ದಳು. ಗಂಡ ಕಂಡ ಕೂಡಲೇ ಕಾಂಪೌಂಡಿನ ಕಡೆ ಮುಖ ತಿರುಗಿಸಿದಳು.

“ಒಂದು ಸಲ ಎಲ್ಲರೂ ಸರಿಯಾಗಿ ನೋಡ್ಕೊಳ್ಳಿ,” ಎಂದ ಪಾತಾಳ ಗುದ್ದಲಿ ಊರಿ. “ಮತ್ತೆ ಹಿಂದುಮುಂದಾದ್ರೆ ನನ್ನ ಕರೀಬೇಡಿ.”

ಇನ್ಸ್‌ಪೆಕ್ಟರಿಗೆ ಇನ್ನೂ ವಿಷಯ ಪೂರ್ತಿ ಹೊಕ್ಕಿರಲಿಲ್ಲ. “ಅಲ್ಲಯ್ಯಾ, ಹೀಗೆ ಮಲಗಿದ್ರೆ ಅಂಥಾ ನಷ್ಟ ಏನು? ಅದನ್ನಾದ್ರೂ ಹೇಳು.”

ವಿವರಿಸುವ ಅವಕಾಶ ಬಂದರೆ ಬಿಡುವವನೇ ಶಾರ್ಟ್‌ಕಟ್? ಅತ್ತೆಯ ಸಮಾಧಿಯ ಪಕ್ಕದ ಹುಲ್ಲಿನ ಮೇಲೆ, ಅತ್ತೆಯ ತಲೆ ಇದ್ದ ಕಡೆಗೇ ತಲೆ ಇಟ್ಟು ಉದ್ದಕ್ಕೆ ಮಲಗಿದ. ಕಣ್ಣು ಮುಚ್ಚಿದ. ಬಾಯಲ್ಲೇ ತುತ್ತೂರಿ ಊದಿದ. ಆಮೇಲೆ ಎದ್ದು ಕೂತ.

“ನೋಡಿ ಸಾರ್, ಅತ್ತೆ ಹೀಗೆ ಏಳ್ತಾರೆ. ಪ್ರಭು ಬರೋದು ಅಲ್ಲಿ, ನನ್ನ ಬೆನ್ನ ಹಿಂದೆ. ಮೆರವಣಿಗೆ ಎಲ್ಲಾ ಅಲ್ಲೇ. ಇಲ್ಲಿಂದ ಅದೊಂದೂ ಕಾಣಲ್ಲ. ಕಣ್ಣು ಬಿಟ್ರೆ ಏನು ಕಾಣುತ್ತೆ ಹೇಳಿ? ನಮ್ಮ ಮಾವನ ಕಲ್ಲು. ಮಾವನೂ ಅವತ್ತೇ ಏಳ್ತಾರಲ್ಲ, ಅವರ ಮುಖ ಸರಿಯಾಗಿ ಈ ಕಡೆಗೆ. ಹೀಗೆ, ಎದುರುಬದುರು. ಬೇರೆ ಯಾರನ್ನೂ ನೋಡೋ ಹಾಗೇ ಇಲ್ಲ ಸಾರ್. ಇವರಿಗೆ ಅವರೊಬ್ಬರು, ಅವರಿಗೆ ಇವರೊಬ್ಬರು. ಇದೇ ನಷ್ಟ.”

“ಸರಿ, ಶುರುಮಾಡು,” ಎಂದರು ಇನ್ಸ್‌ಪೆಕ್ಟರ್. ಪಾತಾಳ ಗುದ್ದಲಿ ಎತ್ತಿದ.

“ಸ್ವಲ್ಪ ನಿಲ್ಲಣ್ಣ,” ಎಂದಳು ಹೆಂಡತಿ.

ಅವಳು ಬಂದು ಗಂಡನ ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತಳು. ಎದುರಿಗಿದ್ದ ಅಪ್ಪನ ಕಲ್ಲನ್ನು ನೋಡಿದಳು. ಆ ಕಲ್ಲನ್ನು ಎಷ್ಟೋ ಸಲ ನೋಡಿದ್ದಳು, ಆದರೆ ಈ ಜಾಗದಿಂದ ಅಲ್ಲ.

“ರೀ, ಈಗ ಅಮ್ಮನ್ನ ಸರಿಯಾಗಿ ತಿರುಗಿಸಿದ್ರೆ, ಅಪ್ಪ ಎದ್ದಾಗ ಅವರಿಗೆ ಏನು ಕಾಣುತ್ತೆ?”

ಶಾರ್ಟ್‌ಕಟ್ ಪ್ರಾಮಾಣಿಕವಾಗಿ ಲೆಕ್ಕ ಹಾಕಿದ. “ಅತ್ತೆ ಬೆನ್ನು.”

ಭಾವ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಹೆಂಡತಿ ಅಳುತ್ತಲೇ ನಗುತ್ತಿದ್ದಳು, ಅಥವಾ ನಗುತ್ತಲೇ ಅಳುತ್ತಿದ್ದಳು. “ಮತ್ತೆ ಬೆನ್ನು ತೋರಿಸೋದು ಬೇಡ,” ಎಂದಳು. “ಅಮ್ಮ ಹೀಗೇ ಇರ್ಲಿ ಫಾದರ್. ಆದ್ರೆ ಪ್ರಭು ಏನಂದುಕೊಳ್ತಾನೋ.”

ಪಾದ್ರಿಗಳು ಕನ್ನಡಕ ಒರೆಸಿಕೊಂಡರು. “ಅವನು ಸ್ವಲ್ಪ ಹೊತ್ತು ಕಾಯ್ತಾನೆ ಬಿಡಮ್ಮ. ಅವನಿಗೆ ಕಾಯೋದು ಅಭ್ಯಾಸ ಇದೆ.”

“ಹಾಗಾದ್ರೆ ನಮ್ಮ ಗತಿ?” ಎಂದರು ಸಭಾಹಿರಿಯರು.

“ಹೆದರಬೇಡಿ. ಆಯಮ್ಮನಿಗೆ ಅವತ್ತು ನಿಮ್ಮನ್ನ ನೋಡೋಕೆ ಪುರುಸೊತ್ತಿರಲ್ಲ.”

ಇದನ್ನು ಕೇಳಿ ನರ್ಸಮ್ಮ ಕುಕ್ಕರನ್ನು ಮತ್ತೆ ಸೆರಗಿನೊಳಗೆ ಸರಿಸಿಕೊಂಡಳು.

ಆರೋಗ್ಯಾಧಿಕಾರಿ ಕರ್ಚೀಫು ಬಿಚ್ಚಿದರು. ಪಾತಾಳನೂ ಭಾವನೂ ಸೇರಿ ಅತ್ತೆಯ ಶಿಲುಬೆಯನ್ನು ಎಲ್ಲರದಕ್ಕಿಂತ ಬೇರೆಯಾಗಿ, ತಲೆಯಿದ್ದ ಪೂರ್ವದ ಕೊನೆಯಲ್ಲಿ ನೆಟ್ಟರು. ಗೇಟಿನ ಹತ್ತಿರ ಬಂದಾಗ ಹೆಂಡತಿ ಗಂಡನ ಮುಖವನ್ನು ನೇರವಾಗಿ ನೋಡಿ ಕೇಳಿದಳು:

“ನಿಜ ಹೇಳಿ. ಅವತ್ತು ಗೊತ್ತಿದ್ದೇ ತಿರುಗಿಸಿದ್ರಾ?”

“ಮತ್ತೆ? ಸುಮ್ಮನೆ ತಿರುಗಿಸ್ತೀನಾ,” ಎಂದ ಶಾರ್ಟ್‌ಕಟ್. ಆ ದನಿಯಲ್ಲಿ ಕೂದಲೆಳೆಯಷ್ಟೂ ಅನುಮಾನವಿರಲಿಲ್ಲ. ಇನ್ಸ್‌ಪೆಕ್ಟರಿಗೂ ಪಾತಾಳನಿಗೂ ಸತ್ಯ ಗೊತ್ತಿತ್ತು, ಹೆಂಡತಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಒಲೆಯ ಮೇಲೆ ಹಾಲು ಉಕ್ಕುವ ಹೊತ್ತು. ಶಾರ್ಟ್‌ಕಟ್ ವ್ಯಾನಿನ ಕೀಲಿ ಹಿಡಿದು ಹೊಸ್ತಿಲಲ್ಲಿ ನಿಂತು “ಬರ್ತೀನಿ ಕಣೇ” ಎಂದ. ಹೆಂಡತಿ ಹಾಲನ್ನು ಅದರ ಪಾಡಿಗೆ ಬಿಟ್ಟು, ಸೌಟು ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದಳು. ವ್ಯಾನು ಬೀದಿಯ ಕೊನೆಯಲ್ಲಿ ತಿರುಗಿ ಮರೆಯಾಗುವ ತನಕ ನೋಡಿದಳು. ಅಂಗಡಿ ಇದ್ದದ್ದು ಎಡಕ್ಕೆ. ಅವನು ತಿರುಗಿದ್ದು ಬಲಕ್ಕೆ. ಆದ್ದರಿಂದ ಸ್ವಲ್ಪ ಹೊತ್ತಿನಲ್ಲಿ ವ್ಯಾನು ಗೆದ್ದ ಗತ್ತಿನಲ್ಲಿ ವಾಪಸ್ ಬಂದು ಮನೆಯ ಮುಂದೆಯೇ ಹಾದುಹೋಯಿತು. ಅವಳಿಗೂ ಅದು ಗೊತ್ತಿತ್ತು, ಬಾಗಿಲಲ್ಲೇ ನಿಂತಿದ್ದಳು.